ಅಕ್ಕಡಿ ಸಾಲು

ಪಟ್ಟಣದ ಯಾವ ಹೊಸ ಬಡಾವಣೆಗೆ ಹೋದರೂ ಎರಡು ಮನೆಗಳ ನಡುವೆ ಒಂದು ಖಾಲಿ ನಿವೇಶನ ಕಣ್ಣಿಗೆ ಬೀಳದೆ ಇರುವುದಿಲ್ಲ. ಅದಕ್ಕೊಬ್ಬ ಯಜಮಾನನಿದ್ದಾನೆ, ಆದರೆ ಅವನನ್ನು ಆ ಬೀದಿಯವರು ಯಾರೂ ಕಂಡಿಲ್ಲ. ಅದರ ನಾಲ್ಕು ಮೂಲೆಗಳಲ್ಲಿ ಕಲ್ಲುಗಳಿವೆ, ಆದರೆ ಬೇಲಿಯಿಲ್ಲ. ಮಳೆಗಾಲದಲ್ಲಿ ಕಾಂಗ್ರೆಸ್ ಗಿಡ ಅಲ್ಲಿ ಎದೆಯೆತ್ತರಕ್ಕೆ ಬೆಳೆದು ಎಲ್ಲವನ್ನೂ ಮುಚ್ಚುತ್ತದೆ. ಬೇಸಗೆಯಲ್ಲಿ ಗಿಡ ಒಣಗಿದ ಮೇಲೆ ಬೀದಿಯ ಗುಟ್ಟೆಲ್ಲ ರಟ್ಟಾಗುತ್ತದೆ: ಒಡೆದ ಬಕೆಟ್ಟು, ಹರಿದ ದಿಂಬಿನ ಹತ್ತಿ, ಸಮಾರಂಭದ ಊಟದ ಎಲೆ, ಹಳೆಯ ಚಪ್ಪಲಿ. ಎಡಗಡೆಯ ಮನೆಯವರು ಇದು ಬಲಗಡೆಯವರ ಕೆಲಸವೆನ್ನುತ್ತಾರೆ; ಬಲಗಡೆಯವರು ಎಡಗಡೆಗೆ ಬೆರಳು ತೋರಿಸುತ್ತಾರೆ. ಇಷ್ಟು ಬಿಟ್ಟರೆ ಆ ಎರಡು ಮನೆಗಳಿಗೂ ಬೇರೆ ಮಾತುಕತೆಯಿಲ್ಲ. ಖಾಲಿ ನಿವೇಶನವೆಂದರೆ ಬರಿಯ ಮೂವತ್ತು ನಲವತ್ತರ ಅಳತೆಯ ನೆಲವಲ್ಲ. ಅದು ನೆರೆಹೊರೆಯವರ ಮನಸ್ಸುಗಳ ನಡುವೆ ಬಿದ್ದಿರುವ ಬೀಳುಭೂಮಿ.

ತುಮಕೂರಿನಲ್ಲಿ ಇಂಥದೊಂದು ನಿವೇಶನದ ಪಕ್ಕದ ಮನೆಯ ಕಿಟಕಿಯಲ್ಲಿ ಒಬ್ಬ ಅಜ್ಜಿ ಕುಳಿತಿದ್ದಾರೆಂದು ಇಟ್ಟುಕೊಳ್ಳೋಣ. ಅವರಿಗೆ ಹೆಸರಿಡುವ ಅಗತ್ಯವಿಲ್ಲ. ಅಂಥವರು ಊರಿನಲ್ಲಿ ಎಷ್ಟೋ ಮಂದಿ ಇದ್ದಾರೆ. ತುಮಕೂರು ತಾಲ್ಲೂಕಿನ ಕೋರ ಹೋಬಳಿಯ ಯಾವುದೋ ಹಳ್ಳಿಯಲ್ಲಿ ಐವತ್ತು ವರ್ಷ ರಾಗಿಯನ್ನೂ ಅವರೆಯನ್ನೂ ಬೆಳೆದವರು. ಮಗನಿಗೆ ನೌಕರಿಯಾದ ಮೇಲೆ ಹೊಲವನ್ನು ಪಾಲಿಗೆ ಕೊಟ್ಟು ಪಟ್ಟಣ ಸೇರಿದವರು. ಸೊಸೆ ಒಳ್ಳೆಯವಳು, ಕುಳಿತಲ್ಲಿಗೇ ಕಾಫಿ ತಂದುಕೊಡುತ್ತಾಳೆ. ಅಜ್ಜಿಯ ದುಃಖವೂ ಅದೇ. ಕುಳಿತಲ್ಲಿಗೆ ಕಾಫಿ ಬರುವ ಮನೆಯಲ್ಲಿ ಅವರಿಂದ ಆಗಬೇಕಾದ ಕೆಲಸ ಒಂದೂ ಇಲ್ಲ. ಮಳೆ ಬಂದರೆ ಮೊಮ್ಮಕ್ಕಳು ಕಿಟಕಿ ಮುಚ್ಚುತ್ತಾರೆ. ಅಜ್ಜಿ ಮಾತ್ರ ಇದು ಯಾವ ಮಳೆ, ಹದವಾಯಿತೋ ಇಲ್ಲವೋ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾರೆ. ಆ ಲೆಕ್ಕವನ್ನು ಕೇಳುವವರು ಯಾರೂ ಇಲ್ಲ.

ಈ ಅಜ್ಜಿಯ ಕಥೆಯನ್ನು, ಅವರನ್ನು ಕಾಣದೆಯೇ, ಸಾವಿರಾರು ಮೈಲಿ ದೂರದಲ್ಲಿ ಕುಳಿತು ಬರೆದಿಟ್ಟವರೊಬ್ಬರಿದ್ದಾರೆ ಎಂದರೆ ಆಶ್ಚರ್ಯವಾದೀತು. ಅಮೆರಿಕದ ಪಾಲ್ ಫ್ಲೈಶ್‌ಮನ್ ಎಂಬ ಲೇಖಕರು ೧೯೯೭ರಲ್ಲಿ ಮಕ್ಕಳಿಗಾಗಿ ಪ್ರಕಟಿಸಿದ ‘ಸೀಡ್‌ಫೋಕ್ಸ್’ ಎಂಬ ಸಣ್ಣ ಕಾದಂಬರಿಯೇ ಆ ಬರಹ. ಒಂದು ಸಂಜೆಯಲ್ಲಿ ಓದಿ ಮುಗಿಸಬಹುದಾದಷ್ಟು ಚಿಕ್ಕ ಪುಸ್ತಕ ಅದು. ಹೆಸರಿನ ಅರ್ಥ ಸ್ಥೂಲವಾಗಿ ‘ಬಿತ್ತದ ಜನ’ ಎಂದಾಗುತ್ತದೆ. ಪೂರ್ವಿಕರನ್ನು ಕುರಿತ ಹಳೆಯ ಮಾತೊಂದನ್ನು ಲೇಖಕರು ಎತ್ತಿಕೊಂಡಿದ್ದಾರೆ. ವಂಶಕ್ಕೆ ಮೂಲಪುರುಷರಿರುವಂತೆ ಒಂದು ಬೀದಿಯ ಸ್ನೇಹಕ್ಕೂ ಮೂಲಪುರುಷರಿರುತ್ತಾರೆ, ಮೊದಲ ಬೀಜ ಊರಿದವರು ಅವರೇ ಎಂಬುದು ಆ ಹೆಸರಿನ ಇಂಗಿತ.

ಕಥೆ ನಡೆಯುವುದು ಒಹಾಯೊ ರಾಜ್ಯದಲ್ಲಿ, ಈರೀ ಸರೋವರದ ದಡದ ಕ್ಲೀವ್‌ಲೆಂಡ್ ನಗರದಲ್ಲಿ. ಗಿಬ್ ಸ್ಟ್ರೀಟ್ ಎಂಬ ಬಡವರ ಬೀದಿ. ಒಂದು ಅಲೆಯ ವಲಸೆಗಾರರು ಬಂದು, ದುಡಿದು, ಸ್ವಲ್ಪ ಹಣ ಕಂಡ ಕೂಡಲೇ ಬಿಟ್ಟುಹೋದ ಮನೆಗಳಿಗೆ ಮತ್ತೊಂದು ಅಲೆಯವರು ಬಂದು ತುಂಬಿಕೊಳ್ಳುವ ಸ್ಥಳ. ಅಲ್ಲಿಯೂ ಒಂದು ಖಾಲಿ ನಿವೇಶನ, ಅಲ್ಲಿಯೂ ಕಸ. ಹರಿದ ಸೋಫಾ, ಹಳೆಯ ಟೈರು, ಕೆಟ್ಟುಹೋದ ರೆಫ್ರಿಜರೇಟರು. ಕಸದ ಗಾತ್ರ ಶ್ರೀಮಂತ ದೇಶಕ್ಕೆ ತಕ್ಕಂತೆ ದೊಡ್ಡದು. ಅದನ್ನು ಎಸೆದ ಮನಸ್ಸು ಮಾತ್ರ ನಮಗೆ ಪರಿಚಿತವಾದದ್ದೇ.

ಏಪ್ರಿಲ್ ತಿಂಗಳ ಆರಂಭದ ಚಳಿಯ ಒಂದು ಮುಂಜಾನೆ ಆ ಕಸದ ನಡುವೆ ಒಂಬತ್ತು ವರ್ಷದ ಹುಡುಗಿಯೊಬ್ಬಳು ಬಂದು ಕೂರುತ್ತಾಳೆ. ಹೆಸರು ಕಿಮ್, ವಿಯೆಟ್ನಾಮಿನಿಂದ ಬಂದ ಸಂಸಾರದವಳು. ಅವಳ ತಂದೆ ರೈತ. ಅವಳು ಹುಟ್ಟುವುದಕ್ಕೆ ಮೊದಲೇ ತೀರಿಕೊಂಡವನು. ಹಿಂದಿನ ದಿನ ಮನೆಯಲ್ಲಿ ತಂದೆಯ ಪುಣ್ಯತಿಥಿ. ತಾಯಿಯೂ ಹಿರಿಯಕ್ಕನೂ ಅತ್ತರು. ಏಕೆಂದರೆ ಅವರಿಗೆ ನೆನಪುಗಳಿದ್ದವು. ಇವಳಿಗೆ ಅಳುವುದಕ್ಕೆ ನೆನಪೇ ಇಲ್ಲ. ತಂದೆಯ ಆತ್ಮ ತನ್ನನ್ನು ಗುರುತಿಸುವುದಾದರೂ ಹೇಗೆ ಎಂಬ ಚಿಂತೆ ಮಗುವನ್ನು ಹಿಡಿಯಿತು. ಅದಕ್ಕೆ ಅವಳು ಕಂಡುಕೊಂಡ ಉಪಾಯ, ರೈತನ ಮಗಳೆಂಬುದನ್ನು ನೆಲದಲ್ಲಿ ತೋರಿಸಿಕೊಡುವುದು. ಚಮಚದಿಂದ ಗಟ್ಟಿ ನೆಲವನ್ನು ಕೆದಕಿ, ಒಣಗಿದ ಲೈಮಾ ಬೀನ್ಸ್ ಕಾಳುಗಳನ್ನು ಊರಿ ನೀರು ಹನಿಸಿ, ಯಾರೂ ಕಾಣದಂತೆ ಅವಳು ಶಾಲೆಗೆ ಓಡುತ್ತಾಳೆ.

ಲೈಮಾ ಬೀನ್ಸ್ ಎಂದರೆ ಯಾವುದೋ ಪರದೇಶದ ಧಾನ್ಯವೆಂದು ಗೃಹಿಣಿಯರು ಭಾವಿಸಬೇಕಾಗಿಲ್ಲ. ಮಾರುಕಟ್ಟೆಯಲ್ಲಿ ‘ಡಬಲ್ ಬೀನ್ಸ್’ ಎಂದು ಅಳೆದು ಕೊಡುವ ಅಗಲವಾದ ಕಾಳು ಅದೇ. ಸಾಗುವಿಗೆ ಹಾಕುವಾಗ ಅದನ್ನು ಪೆರು ದೇಶದ ರಾಜಧಾನಿಯ ಹೆಸರು ಹೊತ್ತ ಕಾಳೆಂದು ಯಾರು ನೆನೆಯುತ್ತಾರೆ? ಆದರೆ ಆ ಕಾಳು ದಕ್ಷಿಣ ಅಮೆರಿಕದಿಂದ ಹೊರಟು ಬೆಂಗಳೂರಿನ ಪಾತ್ರೆಗೂ ಬಂದಿದೆ, ವಿಯೆಟ್ನಾಮಿನ ಮಗುವಿನ ಕೈಗೂ ಸೇರಿದೆ. ಮನುಷ್ಯರಿಗಿಂತ ಮೊದಲು ಬೀಜಗಳು ನೆರೆಹೊರೆ ಮಾಡಿಕೊಂಡಿವೆ.

ಈ ಕಾದಂಬರಿಯ ಕಟ್ಟಡ ವಿಶಿಷ್ಟವಾದುದು. ಹದಿಮೂರು ಅಧ್ಯಾಯಗಳಿಗೆ ಹದಿಮೂರು ಮಂದಿ ಕಥೆಗಾರರು. ಒಬ್ಬರು ಬಂದು ತಮ್ಮ ಪಾಲಿನ ಕಥೆ ಹೇಳಿ ಹಿಂದೆ ಸರಿಯುತ್ತಾರೆ. ಆಮೇಲೆ ಮತ್ತೊಬ್ಬರ ಪ್ರವೇಶ. ಗುಬ್ಬಿ ವೀರಣ್ಣನವರ ಕಂಪನಿಯ ನಾಟಕ ನೋಡಿ ಬೆಳೆದ ಜಿಲ್ಲೆಗೆ ಪಾತ್ರಗಳು ಒಂದೊಂದಾಗಿ ರಂಗಕ್ಕೆ ಬರುವ ಸೊಗಸನ್ನು ವಿವರಿಸಬೇಕಾಗಿಲ್ಲ. ೧೮೮೪ರಲ್ಲಿ ಹುಟ್ಟಿದ ಆ ಕಂಪನಿಯ ಅದ್ಧೂರಿ ಸೀನರಿ ಇಲ್ಲಿಲ್ಲ. ಇಲ್ಲಿನ ರಂಗವೆಂದರೆ ಒಂದು ತುಂಡು ನೆಲ ಮಾತ್ರ. ಫ್ಲೈಶ್‌ಮನ್ ಅವರಿಗೆ ಬಹುಕಂಠದ ಈ ಕಲೆ ಹೊಸದೂ ಅಲ್ಲ. ಇಬ್ಬರು ಒಟ್ಟಿಗೆ ನಿಂತು ಓದಬೇಕಾದ, ಕೀಟಗಳ ಲೋಕವನ್ನು ಕುರಿತ ಅವರ ಕವನಸಂಗ್ರಹಕ್ಕೆ ೧೯೮೯ರಲ್ಲಿ ಅಮೆರಿಕದ ಮಕ್ಕಳ ಸಾಹಿತ್ಯದ ಹಿರಿಯ ಗೌರವವಾದ ನ್ಯೂಬೆರಿ ಪದಕ ಬಂದಿತ್ತು. ಎರಡು ವರ್ಷ ಮೊದಲು, ೧೯೮೭ರಲ್ಲಿ, ಅದೇ ಪದಕವನ್ನು ಪಡೆದವರು ಅವರ ತಂದೆ ಸಿಡ್ ಫ್ಲೈಶ್‌ಮನ್. ಕಥೆ ಹೇಳುವುದು ಆ ಮನೆಯ ಹಿತ್ತಲ ಬೆಳೆ ಎನ್ನಬೇಕು.

ಕಿಮ್‌ಳನ್ನು ಮೊದಲು ನೋಡಿದವಳು ಆನಾ. ರುಮೇನಿಯಾ ಮೂಲದ ಮುದುಕಿ; ಕಿಟಕಿಯೇ ಅವಳ ಪ್ರಪಂಚ. ಆ ಬೀದಿಯಲ್ಲಿ ಕೆಟ್ಟದ್ದನ್ನಲ್ಲದೆ ಬೇರೇನನ್ನೂ ಕಾಣದ ಅವಳ ಕಣ್ಣಿಗೆ, ಮಗು ನೆಲ ಅಗೆಯುವುದು ಕೂಡ ಕಳ್ಳಮಾಲು ಬಚ್ಚಿಡುವಂತೆಯೇ ತೋರುತ್ತದೆ. ಸಮಯ ನೋಡಿ ಇಳಿದುಹೋಗಿ ಅಗೆದರೆ ಸಿಕ್ಕಿದ್ದು ಮೊಳೆಯುತ್ತಿರುವ ಕಾಳು. ಮಗುವಿನ ಗುಟ್ಟನ್ನು ತಾನೇ ಕದ್ದಂತೆ ನಾಚಿ ಅವಳು ಮಣ್ಣು ಮುಚ್ಚುತ್ತಾಳೆ. ಮರುದಿನ ಅಂಗಡಿಯಿಂದ ಒಂದು ದುರ್ಬೀನು ಬರುತ್ತದೆ. ಆದರೆ ಈಗ ನೋಡುವುದು ತಪ್ಪು ಹಿಡಿಯುವುದಕ್ಕಲ್ಲ, ಗಿಡ ಕಾಯುವುದಕ್ಕೆ. ಅನುಮಾನದ ಕಿಟಕಿಯೇ ಅಕ್ಕರೆಯ ಕಿಟಕಿಯಾಗುತ್ತದೆ. ಇಷ್ಟಕ್ಕೆ ಬೇಕಾದದ್ದು ಒಮ್ಮೆ ಮಹಡಿ ಇಳಿದು ಹೋಗುವ ತೊಂದರೆ ಮಾತ್ರ.

ಮುಂದೆ ಮಗು ನಾಲ್ಕು ದಿನ ಕಾಣದಾದಾಗ, ಕಾಲು ಉಳುಕಿದ್ದ ಆನಾ ಕೆಳಮಹಡಿಯ ವೆಂಡೆಲ್‌ನನ್ನು ಕರೆಯುತ್ತಾಳೆ. ಅವನು ಶಾಲೆಯೊಂದರ ಜವಾನ. ಹೆಂಡತಿಯನ್ನೂ ಮಗನನ್ನೂ ಕಳೆದುಕೊಂಡವನು. ಆ ಎರಡು ಸುದ್ದಿಗಳೂ ಫೋನಿನಲ್ಲೇ ಬಂದಿದ್ದರಿಂದ ಫೋನಿನ ಗಂಟೆಗೇ ಬೆದರುವ ಮನುಷ್ಯ. ಬಾಡಿದ ಸಸಿಗೆ ನೀರೆರೆಯುವಾಗ ಅವನಿಗೆ ಒಂದು ವಿಸ್ಮಯ ಕಾಣುತ್ತದೆ: ಮಗು ಕಾಲಕ್ಕೆ ಮೊದಲೇ ಬಿತ್ತಿದ್ದರೂ ಬೀಜಗಳು ಮೊಳೆತಿರುವುದು, ಪಕ್ಕದಲ್ಲಿ ಬಿದ್ದಿದ್ದ ಹಾಳು ರೆಫ್ರಿಜರೇಟರಿನ ಬಿಳಿಯ ಮೈ ಬಿಸಿಲನ್ನು ಹಿಂತಿರುಗಿಸಿ ನೆಲವನ್ನು ಬೆಚ್ಚಗಿಟ್ಟಿದ್ದರಿಂದ! ತಣ್ಣಗಿಡುವುದಕ್ಕಾಗಿ ಹುಟ್ಟಿದ ಯಂತ್ರ ಸತ್ತ ಮೇಲೆ ಬೆಚ್ಚಗಿಡುವ ಕೆಲಸ ಮಾಡಿದೆ. ಬದುಕಿನಲ್ಲಿ ಏನನ್ನೂ ಬದಲಾಯಿಸಲಾರೆನೆಂದು ಕೈಚೆಲ್ಲಿದ್ದ ವೆಂಡೆಲ್ ಅಂದು ಗುದ್ದಲಿ ಹುಡುಕಲು ಹೊರಡುತ್ತಾನೆ.

ಕಸವನ್ನು ತೆಗೆಸಿದ ಲಿಯೋನಾ ಎಂಬ ಕಪ್ಪು ಜನಾಂಗದ ಗೃಹಿಣಿಯ ಅಧ್ಯಾಯ ಕಚೇರಿಗಳಿಗೆ ಅಲೆದವರೆಲ್ಲರೂ ಓದಿ ನಗಬೇಕಾದದ್ದು. ನಗರಾಡಳಿತದ ಒಂದೊಂದು ಶಾಖೆಗೂ ಫೋನು ಮಾಡಿ, ಒಬ್ಬರು ಇನ್ನೊಬ್ಬರ ಕಡೆಗೆ ತಳ್ಳುವುದನ್ನು ಕೇಳಿ ಕೇಳಿ ಅವಳಿಗೆ ಒಂದು ಸತ್ಯ ಹೊಳೆಯುತ್ತದೆ: ದೂರು ಬಾಯಿಮಾತಿನಲ್ಲಿರುವ ತನಕ ಅಧಿಕಾರಿಗೆ ಅದು ನಿಜವಲ್ಲ. ಆಮೇಲೆ ಅವಳು ಆ ನಿವೇಶನದ್ದೇ ಒಂದು ಚೀಲ ಕಸ ತುಂಬಿಕೊಂಡು ಆರೋಗ್ಯ ಇಲಾಖೆಯ ಕಚೇರಿಯಲ್ಲಿ ಹೋಗಿ ಕೂರುತ್ತಾಳೆ. ಮನವಿ ತಲುಪದ ಕಡೆಗೆ ವಾಸನೆ ತಲುಪುತ್ತದೆ. ನಿವೇಶನ ಚೊಕ್ಕಟವಾಗುತ್ತದೆ.

ಆದರೆ ಕೋರದ ಅಜ್ಜಿಗೆ ಅತ್ಯಂತ ಹತ್ತಿರದ ನೆಂಟನೆಂದರೆ ಗ್ವಾಟೆಮಾಲದಿಂದ ಬಂದ ಮುದುಕ ಹ್ವಾನ್. ಅವನ ವಿಷಯವನ್ನು ಹೇಳುವವನು ಮೊಮ್ಮಗನ ವಯಸ್ಸಿನ ಗೊನ್ಸಾಲೊ. ಹ್ವಾನ್ ತನ್ನ ಹಳ್ಳಿಯಲ್ಲಿ ಹಿರಿಯ, ಬೇಸಾಯಗಾರ. ಕ್ಲೀವ್‌ಲೆಂಡಿನಲ್ಲಿ ಅವನಿಗೆ ಇಂಗ್ಲಿಷ್ ಬಾರದು. ಸ್ಪ್ಯಾನಿಷ್ ಕೂಡ ಬಾರದು. ಅವನಾಡುವುದು ಹಳ್ಳಿಯ ಮೂಲನಿವಾಸಿಗಳ ನುಡಿ. ಮನೆಯವರಿಗೆ ಅವನು ಎತ್ತಿ ಆಡಿಸಬೇಕಾದ ಮಗುವಿನಂತೆ. ದಾರಿ ತಪ್ಪಿಸಿಕೊಂಡಾನೆಂದು ಕಾವಲು. ಅಂಥವನು ಒಂದು ದಿನ ಆ ತೋಟಕ್ಕೆ ಬರುತ್ತಾನೆ. ಮಣ್ಣನ್ನು ಮುಟ್ಟಿ ನೋಡುತ್ತಾನೆ, ಬಿಸಿಲು ಯಾವ ಕಡೆಯಿಂದ ಬರುತ್ತದೆಂದು ಗಮನಿಸುತ್ತಾನೆ, ಸಾಲು ಹಿಡಿಯುತ್ತಾನೆ, ಬೀಜದ ಆಳ ಎಷ್ಟಿರಬೇಕೆಂದು ಹುಡುಗನಿಗೆ ಬೆರಳಿನಲ್ಲಿ ತೋರಿಸುತ್ತಾನೆ. ಅರೆಕ್ಷಣದಲ್ಲಿ ಮಗು ಮತ್ತೆ ಯಜಮಾನನಾಗುತ್ತಾನೆ. ಎಲ್ಲ ಬಲ್ಲ ಹುಡುಗ ಶಿಷ್ಯನಾಗುತ್ತಾನೆ.

ಈ ಸನ್ನಿವೇಶ ಅಮೆರಿಕಕ್ಕೆ ಮಾತ್ರ ಸೇರಿದ್ದಲ್ಲ. ಕೋರ ಹೋಬಳಿಯ ವಸಂತನರಸಾಪುರದಲ್ಲಿ ಇಂದು ದೊಡ್ಡ ಕೈಗಾರಿಕಾ ಪ್ರದೇಶವಿದೆ; ೨೦೧೪ರ ಸೆಪ್ಟೆಂಬರಿನಲ್ಲಿ ಅಲ್ಲಿ ಫುಡ್ ಪಾರ್ಕ್ ಉದ್ಘಾಟನೆಯಾಯಿತು. ಕಾರ್ಖಾನೆ ಬಂದರೆ ಸಂಬಳ ಬರುತ್ತದೆ. ಹುಡುಗರು ಮಳೆಯ ಕಡೆ ನೋಡದೆ ತಿಂಗಳ ಮೊದಲ ತಾರೀಖಿನ ಕಡೆ ನೋಡಬಹುದು. ಅದನ್ನು ಹಳಿಯುವುದು ಹೊಟ್ಟೆ ತುಂಬಿದವರ ಮಾತಾದೀತು. ಆದರೆ ಒಂದು ಕುಟುಂಬದಲ್ಲಿ ಬೇಸಾಯ ನಿಂತ ದಿನ ಹಿರಿಯರ ವಿದ್ಯೆ ಒಮ್ಮೆಲೇ ಚಲಾವಣೆ ತಪ್ಪಿದ ನಾಣ್ಯವಾಗುತ್ತದೆ ಎಂಬುದೂ ನಿಜ. ಬೀಜವನ್ನು ಬೂದಿಯಲ್ಲಿ ಉಜ್ಜಿ ಹುಳು ಬೀಳದಂತೆ ಕಾಪಾಡುವುದು, ಹದದ ತೇವ ಬೆರಳಿಗೆ ತಿಳಿಯುವುದು, ಮೋಡದ ಬಣ್ಣದಿಂದ ನಾಳೆಯನ್ನು ಓದುವುದು—ಇವಕ್ಕೆ ಪಟ್ಟಣದ ಮನೆಯಲ್ಲಿ ಬೆಲೆಯಿಲ್ಲ. ಬಡತನವನ್ನು ಸಹಿಸಿದ ಮುದುಕರು ಈ ಅನಗತ್ಯತೆಯನ್ನು ಸಹಿಸಲಾರರು. ಹ್ವಾನ್‌ನಿಗೆ ತೋಟ ಕೊಟ್ಟದ್ದು ತರಕಾರಿಯನ್ನಲ್ಲ. ಅವನ ವಯಸ್ಸನ್ನು ಅವನಿಗೆ ಹಿಂದಿರುಗಿಸಿತು.

ಕಾದಂಬರಿಯಲ್ಲಿ ಒಬ್ಬ ಭಾರತೀಯನೂ ಇದ್ದಾನೆ. ಅವನ ಹೆಸರು ಅಮೀರ್, ಬಟ್ಟೆಯಂಗಡಿಯ ಯಜಮಾನ. ಭಾರತದ ನಗರಗಳಲ್ಲಿ ಜನಸಂದಣಿ ಎಷ್ಟಿದ್ದರೂ ನೆರೆಯವರ ಪರಿಚಯವಿರುತ್ತದೆ, ಇಲ್ಲಿ ಮಾತ್ರ ಒಬ್ಬರನ್ನೊಬ್ಬರು ತಪ್ಪಿಸಿಕೊಂಡೇ ಓಡಾಡುತ್ತಾರೆ ಎಂಬುದು ಅವನ ಕೊರಗು. ಅವನು ತೋಟದಲ್ಲಿ ಬೆಳೆದದ್ದು ಬದನೆಕಾಯಿ. ಆ ನೇರಳೆಯ ಹೊಳಪನ್ನು ಕಂಡು ದಾರಿಹೋಕರು ನಿಂತು ಇದೇನೆಂದು ಕೇಳುತ್ತಾರೆ. ಅಪರಿಚಿತರೊಡನೆ ಮಾತನಾಡಲು ಅಮೆರಿಕದಲ್ಲಿ ಒಂದು ನೆಪ ಬೇಕು. ಬದನೆಕಾಯಿ ಆ ನೆಪವಾಯಿತು. ಹಿಂದೊಮ್ಮೆ ಅಂಗಡಿಯಲ್ಲಿ ಜಗಳವಾದಾಗ ಅವನನ್ನು ಪರದೇಶಿಯೆಂದು ಹೀನಾಯವಾಗಿ ಬೈದ ಇಟಲಿ ಮೂಲದ ಹೆಂಗಸೇ ಈಗ ಬದನೆಕಾಯಿಯನ್ನು ಮೆಚ್ಚಿ ನಿಲ್ಲುತ್ತಾಳೆ. ಹಳೆಯ ಜಗಳವನ್ನು ಅವನು ನೆನಪಿಸಿದಾಗ ಅವಳು ಮತ್ತೆ ಮತ್ತೆ ಕ್ಷಮೆ ಕೇಳುತ್ತಾಳೆ. ಅಂದು ಬೈದದ್ದು ಅವನನ್ನೆಂದು ಅವಳಿಗೆ ತಿಳಿದಿರಲಿಲ್ಲವಂತೆ! ಈ ಸಮಜಾಯಿಷಿಗೆ ನಗು ಬಂದರೂ ಅದರಲ್ಲಿ ಆಳವಾದ ಸತ್ಯವಿದೆ. ಜನ ದ್ವೇಷಿಸುವುದು ಯಾವಾಗಲೂ ಗುಂಪನ್ನು. ಗುಂಪಿನಿಂದ ಒಂದು ಮುಖ ಈಚೆಗೆ ಬಂದು ಬದನೆಕಾಯಿ ಕೊಟ್ಟರೆ ಬೈಗುಳಕ್ಕೆ ವಿಳಾಸ ತಪ್ಪುತ್ತದೆ.

ನಮ್ಮ ನೆಲದ ಬದನೆ ಅಲ್ಲಿಗೆ ಹೋದಂತೆ, ಅಮೆರಿಕ ಖಂಡದ ಟೊಮೆಟೊ, ಮೆಣಸಿನಕಾಯಿ, ಆಲೂಗಡ್ಡೆ, ಕಡಲೆಕಾಯಿಗಳು ಇಲ್ಲಿಗೆ ಬಂದು ಸ್ವಂತವಾಗಿವೆ. ಮೆಣಸಿನಕಾಯಿಯಿಲ್ಲದ ಹುಳಿಯನ್ನೂ ಕಡಲೆಕಾಯಿಯಿಲ್ಲದ ಪಾವಗಡ, ಸಿರಾಗಳನ್ನೂ ಇಂದು ಊಹಿಸುವುದೇ ಕಷ್ಟ. ಅಡಿಗೆಮನೆಯಲ್ಲಿ ಪರದೇಶಿಯೆಂಬ ಮಾತಿಲ್ಲ. ಆ ಔದಾರ್ಯ ಹೊಸಿಲು ದಾಟಿ ಬೀದಿಗೆ ಏಕೆ ಬರುವುದಿಲ್ಲ?

ಇಷ್ಟು ಕೇಳಿ, ಇದು ಬರಿಯ ಸಕ್ಕರೆಯ ಕಥೆ, ಮಕ್ಕಳನ್ನು ರಮಿಸಲು ಬರೆದದ್ದು ಎಂದು ಯಾರಾದರೂ ಹೇಳಬಹುದು. ಹಾಗಲ್ಲ. ಸ್ಯಾಮ್ ಎಂಬ ಎಪ್ಪತ್ತೆಂಟರ ಮುದುಕನ ಬಾಯಿಂದ ಲೇಖಕರು ಕಹಿಯನ್ನೂ ಹೇಳಿಸುತ್ತಾರೆ. ಸ್ವರ್ಗದಂತೆ ಕಂಡ ಆ ತೋಟವನ್ನು ಅವನು ಒಂದು ದಿನ ಸರಿಯಾಗಿ ನೋಡುತ್ತಾನೆ. ಕಪ್ಪು ಜನಾಂಗದವರ ಪಾತಿಗಳೆಲ್ಲ ಒಂದು ಮಗ್ಗುಲಲ್ಲಿ, ಬಿಳಿಯರವು ಇನ್ನೊಂದು ಮಗ್ಗುಲಲ್ಲಿ, ಮಧ್ಯ ಅಮೆರಿಕದವರೂ ಏಷ್ಯದವರೂ ಹಿಂದುಗಡೆ. ನಗರ ಹೇಗೆ ಒಡೆದಿತ್ತೋ ತೋಟವೂ ಹಾಗೆಯೇ ಒಡೆದುಕೊಂಡಿದೆ. ಬೆಳೆ ಬಂದಂತೆ ಕಳವು ಬಂತು. ಕಳವು ಬಂದಂತೆ ಬೇಲಿ ಬಂತು, ಬೀಗ ಬಂತು. ಬೀಜವನ್ನು ಹೊತ್ತು ತಂದವರು ಮನಸ್ಸಿನ ಕೇರಿಗಳನ್ನೂ ಹೊತ್ತು ತಂದಿದ್ದರು.

ಕೇರಿ ಎಂಬ ಮಾತು ಬಂದ ಮೇಲೆ ನಮ್ಮ ಕಡೆಗೂ ಕನ್ನಡಿ ತಿರುಗಿಸುವುದು ಧರ್ಮ. ಪಟ್ಟಣದಲ್ಲಿ ನೆರೆಯವರ ಹೆಸರು ಗೊತ್ತಿಲ್ಲ, ಹಳ್ಳಿಯಲ್ಲಾದರೆ ಎಲ್ಲರೂ ಒಂದೇ ಮನೆಯವರಂತೆ ಎಂಬ ಮಾತನ್ನು ಹೊಸ ಬಡಾವಣೆಗಳ ಜನ ಆಗಾಗ ಆಡುತ್ತಾರೆ. ಅಮೀರನ ಕೊರಗಿನಲ್ಲೂ ಅದರ ಛಾಯೆಯಿದೆ. ಅದು ಅರ್ಧ ಸತ್ಯ. ಹಳ್ಳಿಯಲ್ಲಿ ಎಲ್ಲರ ಹೆಸರೂ ಎಲ್ಲರಿಗೂ ಗೊತ್ತಿತ್ತು. ಹೆಸರಿನೊಡನೆ ಜಾತಿಯೂ ಗೊತ್ತಿತ್ತು, ಯಾರು ಯಾವ ಬಾವಿಯ ಹಗ್ಗ ಮುಟ್ಟಬಾರದೆಂಬುದೂ ಗೊತ್ತಿತ್ತು. ಕುಣಿಗಲ್ ಕೆರೆಯ ಚೆಲುವಿಗೆ ಹಾಡು ಕಟ್ಟಿದ ನಾಡಿನಲ್ಲಿಯೇ ಎಷ್ಟೋ ಬಾವಿಗಳ ಕಥೆಯನ್ನು ಹಾಡುವಂತಿಲ್ಲ. ಊರಿನ ಕೆರೆಯ ನೀರನ್ನು ಮುಟ್ಟುವ ಹಕ್ಕಿಗಾಗಿ ೧೯೨೭ರ ಮಾರ್ಚ್‌ನಲ್ಲಿ ಅಂಬೇಡ್ಕರ್ ಅವರು ಮಹಾಡದಲ್ಲಿ ಸಾವಿರಾರು ಜನರೊಡನೆ ನಡೆದುಹೋಗಬೇಕಾಯಿತು. ಕೋರದ ಅಜ್ಜಿ ತಮ್ಮ ಹಿತ್ತಲನ್ನು ನೆನೆದು ನಿಟ್ಟುಸಿರು ಬಿಡುವಾಗ, ಆ ಹಿತ್ತಲ ಬೇಲಿಯ ಆಚೆ ಕೈಯೊಡ್ಡಿ ನಿಲ್ಲುತ್ತಿದ್ದ ಕೂಲಿಯ ಹೆಂಗಸಿಗೆ ಮೇಲಿನಿಂದ ನೀರು ಹೊಯ್ದ ನೆನಪೂ ಅವರನ್ನು ಕಾಡಬಾರದೆಂದಿಲ್ಲ. ಪಟ್ಟಣದ ಖಾಲಿ ನಿವೇಶನ ಈ ದೃಷ್ಟಿಯಿಂದ ಒಂದು ಅನುಕೂಲವೂ ಹೌದು. ಅದಕ್ಕೆ ಹಳೆಯ ಕೇರಿಯಿಲ್ಲ. ಅಲ್ಲಿ ಯಾರು ಎಲ್ಲಿ ನಿಲ್ಲಬೇಕೆಂದು ಇನ್ನೂ ಯಾರೂ ಗೆರೆ ಎಳೆದಿಲ್ಲ.

ಗಿಬ್ ಸ್ಟ್ರೀಟಿನ ಗೆರೆಗಳನ್ನು ಅಳಿಸಿದ್ದು ಉಪದೇಶವಲ್ಲ, ನೀರು. ಬೇಸಗೆಯಲ್ಲಿ ದೂರದಿಂದ ನೀರು ಹೊರುವುದು ಎಲ್ಲರಿಗೂ ಕಷ್ಟವಾಯಿತು. ಸ್ಯಾಮ್ ಮಕ್ಕಳಿಗೆ ಒಂದು ಸ್ಪರ್ಧೆಯಿಟ್ಟ. ಸುತ್ತಲಿನ ಕಟ್ಟಡಗಳ ಮಾಳಿಗೆಯ ಮಳೆನೀರನ್ನು ಪೀಪಾಯಿಗಳಲ್ಲಿ ಹಿಡಿಯುವ ಉಪಾಯ ಹೇಳಿ ಗೆದ್ದವಳು ಒಬ್ಬ ಪುಟ್ಟ ಹುಡುಗಿ. ಪೀಪಾಯಿಯಿಂದ ಸಣ್ಣ ಬಾಯಿಯ ಡಬ್ಬಗಳಿಗೆ ನೀರು ತುಂಬುವುದು ಕಷ್ಟವೆಂದು ಕಂಡು ಆಲಿಕೆಗಳನ್ನು ಕೊಂಡುತಂದವಳು ಕೊರಿಯದ ಸೇ ಯಂಗ್. ಅಂಗಡಿಗೆ ನುಗ್ಗಿದ ದರೋಡೆಕೋರನಿಂದ ಪೆಟ್ಟು ತಿಂದ ಮೇಲೆ ಮನುಷ್ಯರೆಂದರೆ ಹೆದರಿ ಬಾಗಿಲು ಹಾಕಿಕೊಂಡಿದ್ದ ವಿಧವೆ ಅವಳು. ತಾನು ತಂದ ಆಲಿಕೆಯನ್ನು ಎಲ್ಲರೂ ಉಪಯೋಗಿಸುವುದನ್ನು ಕಂಡಾಗ ಅವಳಿಗೆ ಆದ ಸಂತೋಷವನ್ನು ಅಳೆಯಲು ಆಲಿಕೆಯ ಬೆಲೆ ಮಾನದಂಡವಲ್ಲ. ಪಾರ್ಶ್ವವಾಯು ಬಡಿದು ಮಾತು ಬಿಟ್ಟಿದ್ದ ಮುದುಕನೊಬ್ಬ ಗಾಲಿಕುರ್ಚಿಯಲ್ಲಿ ಆ ದಾರಿಯಾಗಿ ಹೋಗುವಾಗ ಕೈಯೆತ್ತಿ ನಿಲ್ಲಿಸಿ, ಮುಂದೆ ಪೀಪಾಯಿಯಲ್ಲಿ ಹೂಗಿಡ ಬೆಳೆಸುತ್ತಾನೆ. ಒಬ್ಬರಿಗೆ ತಂದೆ ಬೇಕು, ಒಬ್ಬರಿಗೆ ಧೈರ್ಯ ಬೇಕು, ಒಬ್ಬರಿಗೆ ಹಣ ಬೇಕು. ಬೇಡಿಕೆಗಳು ಹದಿಮೂರು, ನೆಲ ಮಾತ್ರ ಒಂದೇ.

ಕಥೆ ಕಲ್ಪಿತವಾದರೂ ಇಂಥ ತೋಟಗಳು ಕಲ್ಪನೆಯಲ್ಲ. ೧೮೯೩ರ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡವರಿಗೆ ಆಲೂಗಡ್ಡೆ ಬೆಳೆದುಕೊಳ್ಳಲು ಡೆಟ್ರಾಯಿಟ್ ನಗರದ ಮೇಯರ್ ಹೇಜನ್ ಪಿಂಗ್ರೀ ೧೮೯೪ರಲ್ಲಿ ಖಾಲಿ ನಿವೇಶನಗಳನ್ನು ಬಿಡಿಸಿಕೊಟ್ಟರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಮನೆಮನೆಯ ಅಂಗಳವೂ ತರಕಾರಿ ತೋಟವಾಯಿತು. ಅದೇ ವರ್ಷಗಳಲ್ಲಿ ಭಾರತದಲ್ಲಿ ‘ಹೆಚ್ಚು ಆಹಾರ ಬೆಳೆಯಿರಿ’ ಎಂಬ ಕೂಗೆದ್ದಿತು. ೧೯೫೦ರಲ್ಲಿ ಮುನ್ಷಿಯವರು ವನಮಹೋತ್ಸವವನ್ನು ಆರಂಭಿಸಿದರು. ಈಚೆಗೆ ಬೆಂಗಳೂರಿನ ತಾರಸಿಗಳ ಮೇಲೆ ಬಾಳೆ, ಬೆಂಡೆಗಳು ಎದ್ದಿವೆ. ಕೃಷಿ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಬಿ. ಎನ್. ವಿಶ್ವನಾಥ್ ಅವರಂಥವರು ಪಟ್ಟಣದವರಿಗೆ ತಾರಸಿಯ ಬೇಸಾಯವನ್ನು ಕಲಿಸಿದ್ದಾರೆ. ಆದರೆ ತಾರಸಿಯ ತೋಟಕ್ಕೆ ಒಂದು ಕೊರತೆಯಿದೆ. ಅದು ಮನೆಯವರದ್ದೇ, ಅದಕ್ಕೆ ಏರಲು ಒಳಗಿನ ಮೆಟ್ಟಿಲೇ ಬೇಕು. ಬೀದಿಯವರು ಬಂದು ನಿಲ್ಲುವುದು ನೆಲದ ಮೇಲೆ ಮಾತ್ರ.

ಬೀದಿಯ ನೆಲವನ್ನು ಸ್ವಂತವೆಂದು ಭಾವಿಸಿದವರ ದೊಡ್ಡ ನಿದರ್ಶನವೂ ಈ ಜಿಲ್ಲೆಯದೇ. ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿ, ಮಾಗಡಿ ತಾಲ್ಲೂಕಿನ ಹುಲಿಕಲ್ಲಿಗೆ ಸೊಸೆಯಾಗಿ ಹೋದ ತಿಮ್ಮಕ್ಕನವರಿಗೆ ಮಕ್ಕಳಾಗಲಿಲ್ಲ. ಅವರೂ ಪತಿ ಚಿಕ್ಕಯ್ಯನವರೂ ಹುಲಿಕಲ್ಲಿನಿಂದ ಕುದೂರಿನ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿ ಆಲದ ಸಸಿಗಳನ್ನು ನೆಟ್ಟು, ಬಿಂದಿಗೆಯಲ್ಲಿ ನೀರು ಹೊತ್ತು, ಮುಳ್ಳು ಕಟ್ಟಿ ಬೆಳೆಸಿದರು. ಜನ ಎಣಿಸಿ ಹೇಳುವ ಲೆಕ್ಕ ೩೮೫. ರಸ್ತೆ ಅವರದಲ್ಲ, ನೆರಳೂ ಅವರಿಗಲ್ಲ. ಓದು ಬರಹ ತಿಳಿಯದ ಆ ತಾಯಿಗೆ ೨೦೧೯ರಲ್ಲಿ ಪದ್ಮಶ್ರೀ ಬಂದಿತು; ೨೦೨೫ರ ನವೆಂಬರ್ ೧೪ರಂದು ಶತಾಯುಷಿಯಾಗಿ ತೀರಿಕೊಂಡರು. ಇಲ್ಲದ ತಂದೆಗಾಗಿ ಮಗು ಬೀಜ ನೆಟ್ಟದ್ದು ಕಥೆಯಲ್ಲಿ. ಇಲ್ಲದ ಮಕ್ಕಳಿಗಾಗಿ ತಾಯಿ ಮರ ನೆಟ್ಟದ್ದು ನಿಜದಲ್ಲಿ. ಎರಡರ ಬೇರೂ ಒಂದೇ.

ಈಗ ಮತ್ತೆ ತುಮಕೂರಿನ ಆ ಕಿಟಕಿಗೆ ಬರೋಣ. ಮುಂಗಾರಿನ ಎರಡು ಹದ ಮಳೆಯಾದ ಒಂದು ಬೆಳಿಗ್ಗೆ ಅಜ್ಜಿ ಸೊಸೆಗೆ ಹೇಳದೆ ಮೆಟ್ಟಿಲಿಳಿಯುತ್ತಾರೆಂದು ಇಟ್ಟುಕೊಳ್ಳೋಣ. ಸೆರಗಿನ ತುದಿಯಲ್ಲಿ ಕಳೆದ ಸುಗ್ಗಿಯ ಅವರೆಬೀಜ. ಕೈಯಲ್ಲಿ ಅಡಿಗೆಮನೆಯ ಸವೆದ ಚಾಕು. ಎದುರು ಮನೆಯಲ್ಲಿ ಕಾರ್ಖಾನೆಯ ಕೆಲಸಕ್ಕಾಗಿ ಉತ್ತರದಿಂದ ಬಂದ ಸಂಸಾರವೊಂದಿದೆ. ಆ ಮನೆಯ ಹುಡುಗಿ ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ಕೇಳುತ್ತಾಳೆ:

“ಅಜ್ಜಿ, ಏನು ಹೂಳ್ತಾ ಇದ್ದೀರಿ?”

“ಹೂಳೋದಲ್ಲ ಕಣವ್ವ, ಊರೋದು. ಹೂಳಿದ್ದು ಮೇಲಕ್ಕೆ ಬರಲ್ಲ, ಊರಿದ್ದು ಬರ್ತದೆ.”

ಕನ್ನಡದ ಇಷ್ಟು ಒಳ್ಳೆಯ ಪಾಠ ಯಾವ ಪಠ್ಯಪುಸ್ತಕದಲ್ಲಿದೆ? ಮರುದಿನ ಆ ಹುಡುಗಿಯ ತಾಯಿ ಒಂದು ಹಿಡಿ ಮೆಂತ್ಯದ ಕಾಳು ತಂದಾಳು. ಬಲಗಡೆಯ ಮನೆಯವರು, ಬೇಡವೆಂದು ಗೊಣಗುತ್ತಲೇ, ಕುಂಬಳದ ಬಳ್ಳಿಗೆ ಒಂದು ಮೂಲೆ ಕೇಳಿಯಾರು. ಬೀದಿ ಗುಡಿಸುವ ಹೆಂಗಸು ಗೊಬ್ಬರ ಎಲ್ಲಿ ಸಿಗುತ್ತದೆಂದು ಹೇಳಿಯಾಳು. ಆಗ ಅವಳಿಗೂ ಒಂದು ಸಾಲು ಕೊಡಬೇಕೋ ಬೇಡವೋ, ಎಲ್ಲರೂ ನೀರು ಹಿಡಿಯುವ ಕೊಡವನ್ನು ಅವಳೂ ಮುಟ್ಟಬಹುದೋ ಎಂಬ ಪ್ರಶ್ನೆ ಏಳುತ್ತದೆ. ತೋಟದ ನಿಜವಾದ ಪರೀಕ್ಷೆ ಅಂದೇ. ಆ ಪ್ರಶ್ನೆಗೆ ಅಜ್ಜಿಯ ಬಳಿ ಒಂದು ಉತ್ತರವಿದೆ. ಅವರು ಅದನ್ನು ಹೊಲದಲ್ಲಿ ಐವತ್ತು ವರ್ಷ ಬಿತ್ತಿದ್ದಾರೆ, ಬೀದಿಯಲ್ಲಿ ಬಿತ್ತಿಲ್ಲ ಅಷ್ಟೆ.

ಈ ಸೀಮೆಯ ರಾಗಿಹೊಲವನ್ನು ಕಂಡವರಿಗೆ ಅಕ್ಕಡಿ ಸಾಲು ಗೊತ್ತು. ಬರಿಯ ರಾಗಿಯನ್ನೇ ಬಿತ್ತುವುದಿಲ್ಲ. ಅಷ್ಟು ಸಾಲು ರಾಗಿಗೆ ಒಂದು ಸಾಲು ಅಕ್ಕಡಿ—ಅವರೆ, ತೊಗರಿ, ಜೋಳ, ಅಲಸಂದೆ, ಹುಚ್ಚೆಳ್ಳು. ಅವರೆಯ ಬೇರು ಗಾಳಿಯ ಸಾರಜನಕವನ್ನು ಮಣ್ಣಿಗೆ ಕಟ್ಟಿಕೊಡುತ್ತದೆ. ಹುಚ್ಚೆಳ್ಳಿನ ಹಳದಿಗೆ ಜೇನು ಬರುತ್ತದೆ. ಮಳೆ ಕೈಕೊಟ್ಟು ರಾಗಿ ಹೋದರೂ ತೊಗರಿ ಕೈಹಿಡಿಯುತ್ತದೆ. ರಾಗಿ ಕೊಯ್ದ ಮೇಲೆ ಜಾಗ ಬಿಟ್ಟುಕೊಟ್ಟಂತಾಗಿ ಅವರೆ ಹಬ್ಬುತ್ತದೆ. ಮಾಗಿಯ ಚಳಿಯಲ್ಲಿ ಸೊಗಡು ತುಂಬಿಕೊಳ್ಳುತ್ತದೆ. ಒಂದರ ಬುಡವನ್ನು ಇನ್ನೊಂದು ಮುಟ್ಟಿದರೆ ಮೈಲಿಗೆಯಿಲ್ಲ. ಒಂದೇ ಬೆಳೆಯ ಹೊಲ ನೋಡಲು ಚೆಂದ. ಬರಗಾಲ ದಾಟುವುದು ಅಕ್ಕಡಿಯ ಹೊಲ. ಹದಿಮೂರು ಕಂಠಗಳಲ್ಲಿ ಅಮೆರಿಕದ ಲೇಖಕರು ಹೇಳಿದ್ದನ್ನು ಕೋರದ ಒಕ್ಕಲಿಗರು ಕೂರಿಗೆಯಲ್ಲಿ ಹೇಳುತ್ತ ಬಂದಿದ್ದಾರೆ. ಹಿತ್ತಲ ಗಿಡ ಮದ್ದಲ್ಲವೆ?

ಕೊನೆಗೊಂದು ಆಕ್ಷೇಪ ಉಳಿಯುತ್ತದೆ. ನಿವೇಶನದ ಯಜಮಾನ ಒಂದು ದಿನ ಇಟ್ಟಿಗೆ, ಮರಳು ತಂದು ಸುರಿಯುತ್ತಾನೆ. ಅವನ ಹಕ್ಕು ಅದು. ಆಗ ಬಳ್ಳಿ ಹೋಗುತ್ತದೆ. ಕ್ಲೀವ್‌ಲೆಂಡಿನ ತೋಟಕ್ಕೂ ಇಂಥ ಒಂದು ಅಂತ್ಯ ಬಂದಂತೆ ತೋರುತ್ತದೆ: ಚಳಿಗಾಲ. ಹಿಮ ಬಿದ್ದು ಎಲ್ಲವೂ ಸತ್ತ ಮೇಲೆ, ಕೊನೆಯ ಅಧ್ಯಾಯದ ಫ್ಲಾರೆನ್ಸ್ ಎಂಬ ಮುದುಕಿ ಬರಿದಾದ ನೆಲವನ್ನು ನೋಡುತ್ತ, ಜನ ಮತ್ತೆ ಬರುವರೋ ಇಲ್ಲವೋ ಎಂದು ಕಳವಳಪಡುತ್ತಾಳೆ. ವಸಂತ ಬರುತ್ತದೆ. ಬೀಜ ಹಿಡಿದ ಪುಟ್ಟ ಹುಡುಗಿ ಮತ್ತೆ ಬಂದು ನೆಲ ಕೆದಕುತ್ತಾಳೆ. ಅಲ್ಲಿಗೆ ಪುಸ್ತಕ ಮುಗಿಯುತ್ತದೆ.

ತುಮಕೂರಿನಲ್ಲಿ ಹಿಮ ಬೀಳುವುದಿಲ್ಲ, ಇಟ್ಟಿಗೆ ಬೀಳುತ್ತದೆ. ಆದರೆ ಮನೆ ಕಟ್ಟಲು ಬಂದ ಆ ಯಜಮಾನ, ಬಂದ ಮೊದಲ ದಿನವೇ, ಎಡಗಡೆಯವರೂ ಬಲಗಡೆಯವರೂ ಎದುರುಮನೆಯವರೂ ಒಂದೇ ಮೊರದ ಸುತ್ತ ಕುಳಿತು ಕೊನೆಯ ಕೊಯ್ಲಿನ ಅವರೆಕಾಯಿ ಸುಲಿಯುತ್ತಿರುವುದನ್ನು ಕಂಡರೆ, ಆ ಮೊರದ ಬಳಿ ಬೀದಿ ಗುಡಿಸುವ ಹೆಂಗಸಿಗೂ ಒಂದು ಮಣೆ ಇದ್ದರೆ, ಅವನು ಕಟ್ಟುವ ಮನೆಗೆ ನೆರೆಯವರು ಸಿಕ್ಕಿದಂತಾಯಿತು. ಅಜ್ಜಿ ಸುಲಿದ ಕಾಳಿನಲ್ಲಿ ದಪ್ಪನೆಯ ಆರನ್ನು ಆರಿಸಿ, ಬೂದಿ ಬೆರೆಸಿ, ಎದುರುಮನೆಯ ಹುಡುಗಿಯ ಅಂಗೈಯಲ್ಲಿಡುತ್ತಾರೆ. ಊರಿನಲ್ಲಿ ಖಾಲಿ ನಿವೇಶನಗಳಿಗೇನು ಬರವೇ?